ರಕ್ತ ನಿಲ್ಲಿಸುವ ಔಷಧಿಯಿಂದ ಹಾರ್ಟ್ ಅಟ್ಯಾಕ್: ಯಾವ ಔಷಧಿ, ಯಾರಿಗೆ, ಎಷ್ಟು ಅಪಾಯ?

2025ರ ಡಿಸೆಂಬರ್‌ನಲ್ಲಿ ಅಮೆರಿಕದಿಂದ ಒಂದು ಸುದ್ದಿ ಬಂತು. ವಿಪರೀತ ರಕ್ತಸ್ರಾವ ನಿಲ್ಲಿಸಲು ಕೊಡುತ್ತಿದ್ದ 'ಆಂಡೆಕ್ಸಾ' ಎಂಬ ಇಂಜೆಕ್ಷನ್ ಅಲ್ಲಿನ ಮಾರುಕಟ್ಟೆಯಿಂದ ಹೊರಬಿತ್ತು. ಅದನ್ನು ಪಡೆದವರಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯು ಜಾಸ್ತಿ ಕಂಡುಬಂದಿದೆ.

ಸುದ್ದಿ ಇಷ್ಟೇ. ಆದರೆ ಓದಿದವರ ತಲೆಯಲ್ಲಿ ನೂರು ಪ್ರಶ್ನೆ ಹುಟ್ಟುತ್ತವೆ. ಮನೆಯಲ್ಲಿ ಅಪ್ಪ ದಿನಾ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದಾರೆ, ಅದೇನಾ ಇದು? ಮುಟ್ಟಿನಲ್ಲಿ ತುಂಬಾ ರಕ್ತ ಹೋಗುತ್ತದೆ ಅಂತ ಡಾಕ್ಟರ್ ಬರೆದುಕೊಟ್ಟ ಮಾತ್ರೆಯೂ ರಕ್ತ ನಿಲ್ಲಿಸುವುದೇ ಅಲ್ವಾ, ಅದೂ ಅಪಾಯವಾ? 2025ರ ಮಧ್ಯದಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಬಂದಾಗ ಜಯದೇವ ಆಸ್ಪತ್ರೆಗಳ ಮುಂದೆ ಎಂಥ ಸಾಲು ನಿಂತಿತ್ತು ಎಂದು ಕಂಡಿದ್ದೇವೆ. ಹಾರ್ಟ್ ಅಟ್ಯಾಕ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಜನ ಹೆದರುತ್ತಾರೆ. ಹೆದರಿ ನುಂಗುತ್ತಿದ್ದ ಮಾತ್ರೆಯನ್ನು ತಾವೇ ನಿಲ್ಲಿಸಿಬಿಟ್ಟರೆ ನಿಜವಾದ ಅನಾಹುತ ಅಲ್ಲಿಂದ ಶುರುವಾಗುತ್ತದೆ. ಹಾಗಾಗಿ ಈ ಸುದ್ದಿಯನ್ನು ನಿಧಾನಕ್ಕೆ ಬಿಡಿಸಿ ನೋಡಬೇಕು.

ಮೂರು ಬೇರೆ ಬೇರೆ ಔಷಧಿಗಳು

ಮೊದಲು ಹೆಸರುಗಳನ್ನು ಬೇರೆ ಮಾಡಿಕೊಳ್ಳೋಣ.

ಒಂದು, ರಕ್ತ ತೆಳುವಾಗಿಸುವ ಮಾತ್ರೆಗಳು. ಅಪಿಕ್ಸಬಾನ್, ರಿವರಾಕ್ಸಬಾನ್, ಹಳೆಯ ವಾರ್ಫರಿನ್ ಎಲ್ಲ ಈ ಗುಂಪಿನವು. ಹೃದಯದ ಬಡಿತ ತಾಳ ತಪ್ಪುವ 'ಏಟ್ರಿಯಲ್ ಫಿಬ್ರಿಲೇಷನ್' ಇರುವವರಿಗೆ, ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ ಇವನ್ನು ಕೊಡುತ್ತಾರೆ. ಇವು ರಕ್ತವನ್ನು ನೀರಾಗಿಸುವುದಿಲ್ಲ. ಹೆಪ್ಪುಗಟ್ಟುವ ಕೆಲಸವನ್ನು ನಿಧಾನ ಮಾಡುತ್ತವೆ, ಅಷ್ಟೇ.

ಎರಡು, ಈ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತಸ್ರಾವ ಆಗಿಬಿಟ್ಟರೆ ಮಾತ್ರೆಯ ಪರಿಣಾಮವನ್ನು ತಕ್ಷಣ ರದ್ದು ಮಾಡುವ ಔಷಧಿ. ಆಂಡೆಕ್ಸಾ ಇಂಥದ್ದು. ಪೂರ್ಣ ಹೆಸರು ಆಂಡೆಕ್ಸಾನೆಟ್ ಆಲ್ಫಾ. ಅಪಿಕ್ಸಬಾನ್ ಮತ್ತು ರಿವರಾಕ್ಸಬಾನ್ ಎರಡಕ್ಕೂ ಇದು ಮಾರುಮದ್ದು. ಆಸ್ಪತ್ರೆಯಲ್ಲಿ ತುರ್ತು ಹೊತ್ತಿನಲ್ಲಿ ಬಳಸುವ, ವಿಪರೀತ ದುಬಾರಿಯ ಇಂಜೆಕ್ಷನ್. ಒಬ್ಬ ರೋಗಿಯ ಒಂದು ಸಲದ ಚಿಕಿತ್ಸೆಗೆ ಅಮೆರಿಕದಲ್ಲಿ ಸಾವಿರಾರು ಡಾಲರ್ ಬೇಕಿತ್ತು.

ಮೂರು, ಟ್ರಾನೆಕ್ಸಾಮಿಕ್ ಆಸಿಡ್. ಮುಟ್ಟಿನ ಅತಿಸ್ರಾವಕ್ಕೆ, ಹೆರಿಗೆಯ ನಂತರದ ರಕ್ತಸ್ರಾವಕ್ಕೆ, ಅಪಘಾತದ ಗಾಯಕ್ಕೆ, ಆಪರೇಷನ್ ಹೊತ್ತಿನಲ್ಲಿ ಕೊಡುವ ಅಗ್ಗದ ಔಷಧಿ. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವುದು ಇದು.

ಡಿಸೆಂಬರ್‌ನ ಸುದ್ದಿ ಎರಡನೆಯದಕ್ಕೆ ಸಂಬಂಧಿಸಿದ್ದು. ಮೊದಲನೆಯದಕ್ಕೂ ಅಲ್ಲ, ಮೂರನೆಯದಕ್ಕೂ ಅಲ್ಲ. ಆದರೂ ಒಂದೇ ತತ್ವ ಮೂರರ ಹಿಂದೆಯೂ ಇದೆ, ಅದನ್ನು ತಿಳಿಯದೆ ಮುಂದೆ ಹೋಗುವಂತಿಲ್ಲ.

ಹೆಪ್ಪು ಎಲ್ಲಿ ಬೇಕು, ಎಲ್ಲಿ ಬೇಡ

ಬೆರಳು ಕೊಯ್ದುಕೊಂಡಾಗ ರಕ್ತ ಹೆಪ್ಪುಗಟ್ಟುವುದರಿಂದಲೇ ನಾವು ಬದುಕಿದ್ದೇವೆ. ಅದೇ ಹೆಪ್ಪು ಹೃದಯಕ್ಕೆ ರಕ್ತ ಒಯ್ಯುವ ನಾಳದಲ್ಲಿ ಕಟ್ಟಿದರೆ ಹೃದಯಾಘಾತ. ಮಿದುಳಿನ ನಾಳದಲ್ಲಿ ಕಟ್ಟಿದರೆ ಪಾರ್ಶ್ವವಾಯು. ಎರಡು ಕಡೆಯೂ ಕೆಲಸ ಮಾಡುವ ಸಾಮಗ್ರಿ ಒಂದೇ: ಪ್ಲೇಟ್‌ಲೆಟ್‌ಗಳು, ಥ್ರಾಂಬಿನ್, ಬಲೆಯಂತೆ ಹೆಣೆದುಕೊಳ್ಳುವ ಫೈಬ್ರಿನ್.

ಒಡೆದ ಕಾಲುವೆ ಏರಿಗೆ ಮಣ್ಣು ಸುರಿದರೆ ನೀರು ನಿಲ್ಲುತ್ತದೆ, ಆದರೆ ಅದೇ ಮಣ್ಣು ಹರಿದು ಕೆಳಗಿನ ತೂಬಿನಲ್ಲಿ ಕಟ್ಟಿಕೊಂಡರೆ ಗದ್ದೆಗೆ ನೀರೇ ಇಲ್ಲ. ರಕ್ತ ನಿಲ್ಲಿಸುವ ಔಷಧಿಗೂ ಇದೇ ತೊಂದರೆ. ಅದು ರಕ್ತದಲ್ಲಿ ಬೆರೆತು ಮೈಯೆಲ್ಲ ಓಡಾಡುತ್ತದೆ. ಗಾಯದ ಜಾಗ ಯಾವುದು, ಕೊಬ್ಬು ಕಟ್ಟಿ ಕಿರಿದಾದ ಹೃದಯದ ನಾಳ ಯಾವುದು ಎಂದು ಅದಕ್ಕೆ ಗೊತ್ತಾಗುವುದಿಲ್ಲ.

ರಕ್ತ ತೆಳುವಾಗಿಸುವ ಮಾತ್ರೆ ಬೇಕಾದವರು ಯಾರು ನೋಡಿ. ಹೆಚ್ಚಿನವರು ಎಪ್ಪತ್ತು ದಾಟಿದವರು. ಬಿಪಿ, ಸಕ್ಕರೆ ಕಾಯಿಲೆ ಇರುವವರು. ಸ್ಟೆಂಟ್ ಹಾಕಿಸಿಕೊಂಡವರೂ ಅವರಲ್ಲಿ ಇರುತ್ತಾರೆ. ಅಂದರೆ ಹೆಪ್ಪುಗಟ್ಟುವ ಅಪಾಯ ಮೊದಲೇ ಇದ್ದವರು, ಅದಕ್ಕೇ ಮಾತ್ರೆ ಶುರು ಮಾಡಿದ್ದು. ಆ ಮಾತ್ರೆಯ ರಕ್ಷಣೆಯನ್ನು ಒಂದೇ ಏಟಿಗೆ ತೆಗೆದುಹಾಕಿದರೆ ಹಳೆಯ ಅಪಾಯ ಎದ್ದು ಕೂರುತ್ತದೆ. ಇದರ ಮೇಲೆ ಕೊಟ್ಟ ಔಷಧಿಯೇ ಹೆಪ್ಪುಗಟ್ಟುವುದನ್ನು ಇನ್ನಷ್ಟು ಚುರುಕು ಮಾಡಿದರೆ?

ಆಂಡೆಕ್ಸಾ ವಿಷಯದಲ್ಲಿ ಆ ಅನುಮಾನಕ್ಕೆ ಕಾರಣ ಇದೆ. ನಮ್ಮ ರಕ್ತದಲ್ಲಿ 'ಫ್ಯಾಕ್ಟರ್ ಹತ್ತು-ಎ' ಎಂಬ ಪದಾರ್ಥ ಇದೆ. ಅಪಿಕ್ಸಬಾನ್ ಅದಕ್ಕೇ ಅಂಟಿಕೊಂಡು ಅದರ ಕೆಲಸ ತಡೆಯುತ್ತದೆ. ಆಂಡೆಕ್ಸಾ ಅಂದರೆ ಆ ಫ್ಯಾಕ್ಟರ್‌ನ ನಕಲು. ನೋಡಲು ಅದೇ ಥರ, ಆದರೆ ಹೆಪ್ಪುಗಟ್ಟಿಸುವ ಶಕ್ತಿ ಇಲ್ಲ. ಅಪಿಕ್ಸಬಾನ್ ಮೋಸಹೋಗಿ ನಕಲಿಗೆ ಅಂಟಿಕೊಳ್ಳುತ್ತದೆ, ಅಸಲಿ ಬಿಡುಗಡೆಯಾಗಿ ಕೆಲಸಕ್ಕೆ ಇಳಿಯುತ್ತದೆ. ಬಹಳ ಜಾಣ ಉಪಾಯ. ಆದರೆ ಈ ನಕಲಿಗೆ ಇನ್ನೊಂದು ಪದಾರ್ಥವೂ ಬಂದು ಅಂಟಿಕೊಳ್ಳುತ್ತದೆ. ಅದು ಹೆಪ್ಪುಗಟ್ಟುವಿಕೆಗೆ ದೇಹವೇ ಇಟ್ಟುಕೊಂಡಿರುವ ಬ್ರೇಕ್, ಹೆಸರು ಟಿಎಫ್‌ಪಿಐ. ಮಾತ್ರೆಯ ತಡೆಯ ಜೊತೆಗೆ ದೇಹದ ಸ್ವಂತ ತಡೆಯೂ ಕೆಲ ಹೊತ್ತು ಸಡಿಲವಾಗುತ್ತದೆ.

ಪರವಾನಗಿ ಸಿಕ್ಕಿದ್ದು ಯಾವ ಆಧಾರದ ಮೇಲೆ?

ಇಡೀ ಕಥೆಯ ಕೀಲಿ ಇಲ್ಲಿದೆ.

ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಮೇನಲ್ಲಿ ಆಂಡೆಕ್ಸಾಗೆ ತ್ವರಿತ ಅನುಮತಿ ಕೊಟ್ಟಿತು. ಮುಖ್ಯ ಆಧಾರ ಏನು? ಆರೋಗ್ಯವಂತ ಸ್ವಯಂಸೇವಕರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಗಳು. 50ರಿಂದ 75 ವರ್ಷದವರಿಗೆ ಅಪಿಕ್ಸಬಾನ್ ಅಥವಾ ರಿವರಾಕ್ಸಬಾನ್ ಕೊಟ್ಟು, ಆಮೇಲೆ ಆಂಡೆಕ್ಸಾ ಕೊಟ್ಟರು. ರಕ್ತದಲ್ಲಿ ಆ ಮಾತ್ರೆಗಳ ಪರಿಣಾಮ ಶೇ 90ಕ್ಕಿಂತ ಜಾಸ್ತಿ ಇಳಿಯಿತು. ಲ್ಯಾಬ್ ರಿಪೋರ್ಟ್ ನೋಡಿದರೆ ಭರ್ಜರಿ ಯಶಸ್ಸು. ಆದರೆ ಅವರ ಪೈಕಿ ಯಾರಿಗೂ ರಕ್ತಸ್ರಾವ ಆಗಿರಲಿಲ್ಲ.

ನಂತರ ನಿಜವಾದ ರೋಗಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2019ರಲ್ಲಿ ಬಂತು. 352 ರೋಗಿಗಳು. ರಕ್ತಸ್ರಾವ ಲೆಕ್ಕ ಹಾಕಲು ಸಾಧ್ಯವಾದವರಲ್ಲಿ ಶೇ 82 ಮಂದಿಗೆ ರಕ್ತ ಚೆನ್ನಾಗಿ ಹತೋಟಿಗೆ ಬಂತು. 30 ದಿನದೊಳಗೆ ಶೇ 10ರಷ್ಟು ರೋಗಿಗಳಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಬೇರೆ ಕಡೆ ಹೆಪ್ಪುಗಟ್ಟುವ ತೊಂದರೆ ಆಯಿತು. ಈ ಶೇ 10 ಔಷಧಿಯಿಂದ ಬಂದದ್ದಾ, ಇಲ್ಲ ವಯಸ್ಸು ಮತ್ತು ಕಾಯಿಲೆಯಿಂದ ಹೇಗೂ ಬರುತ್ತಿದ್ದದ್ದಾ? ಹೇಳಲು ದಾರಿಯೇ ಇರಲಿಲ್ಲ. ಏಕೆಂದರೆ ಎಲ್ಲರಿಗೂ ಆಂಡೆಕ್ಸಾ ಕೊಟ್ಟಿದ್ದರು, ಹೋಲಿಸಿ ನೋಡಲು ಇನ್ನೊಂದು ಗುಂಪೇ ಇರಲಿಲ್ಲ.

ಹಾಗಂತ ಎಚ್ಚರಿಕೆ ಇರಲಿಲ್ಲ ಎನ್ನುವಂತಿಲ್ಲ. ಹೆಪ್ಪುಗಟ್ಟುವಿಕೆ, ಹೃದಯಸ್ತಂಭನ, ಹಠಾತ್ ಸಾವು ಆಗಬಹುದು ಎಂದು ಔಷಧಿಯ ಲೇಬಲ್ ಮೇಲೆ ಕಪ್ಪು ಚೌಕಟ್ಟಿನೊಳಗೆ ಮೊದಲ ದಿನದಿಂದಲೇ ಬರೆದಿತ್ತು. ಹೋಲಿಕೆ ಇರುವ ಪರೀಕ್ಷೆ ನಡೆಸಲೇಬೇಕು ಎಂಬ ಷರತ್ತಿನ ಮೇಲೇ ಅನುಮತಿ ಸಿಕ್ಕಿತ್ತು. ಆ ಪರೀಕ್ಷೆಯ ಫಲಿತಾಂಶ ಬರಲು ಆರು ವರ್ಷ ಹಿಡಿಯಿತು.

2024ರ ಫಲಿತಾಂಶ

ಆ ಪರೀಕ್ಷೆಯ ಹೆಸರು ಆನೆಕ್ಸಾ-ಐ. 2024ರ ಮೇನಲ್ಲಿ ಪ್ರಕಟವಾಯಿತು. ರಕ್ತ ತೆಳುವಾಗಿಸುವ ಮಾತ್ರೆ ನುಂಗಿ 15 ಗಂಟೆಯೊಳಗೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಬಂದ 530 ರೋಗಿಗಳು. 263 ಮಂದಿಗೆ ಆಂಡೆಕ್ಸಾ, 267 ಮಂದಿಗೆ ಮಾಮೂಲು ಚಿಕಿತ್ಸೆ. ಮಾಮೂಲು ಚಿಕಿತ್ಸೆ ಎಂದರೆ ಹೆಚ್ಚಿನವರಿಗೆ ಪಿಸಿಸಿ. ಇದು ದಾನಿಗಳ ರಕ್ತದಿಂದ ಹೆಪ್ಪುಗಟ್ಟಿಸುವ ಅಂಶಗಳನ್ನು ಬೇರ್ಪಡಿಸಿ ಮಾಡಿದ ಇಂಜೆಕ್ಷನ್.

ಔಷಧಿ ಫಲ ಕೊಟ್ಟಿತು ಎಂದು ಯಾವಾಗ ಹೇಳಬೇಕು? ಅದಕ್ಕೆ ಒಂದು ಅಳತೆ ಇಟ್ಟಿದ್ದರು. ಮೊದಲ ಸ್ಕ್ಯಾನ್‌ನಲ್ಲಿ ಮಿದುಳಿನೊಳಗೆ ರಕ್ತದ ಗಡ್ಡೆ ಎಷ್ಟು ದೊಡ್ಡದಿತ್ತು ಎಂದು ಅಳೆಯುವುದು. 12 ಗಂಟೆಯ ನಂತರ ಮತ್ತೆ ಸ್ಕ್ಯಾನ್. ಗಡ್ಡೆ ಶೇ 35ಕ್ಕಿಂತ ಹೆಚ್ಚು ಬೆಳೆದಿರಬಾರದು, ರೋಗಿಯ ಸ್ಥಿತಿ ಗಂಭೀರವಾಗಿ ಕುಸಿದಿರಬಾರದು, ನಡುವೆ ಬೇರೆ ಔಷಧಿಯ ಮೊರೆ ಹೋಗಿರಬಾರದು. ಮೂರೂ ಸರಿಯಿದ್ದರೆ ಗೆದ್ದಂತೆ.

ಈ ಅಳತೆಯಲ್ಲಿ ಆಂಡೆಕ್ಸಾ ಗೆದ್ದಿತು. ಆಂಡೆಕ್ಸಾ ಗುಂಪಿನಲ್ಲಿ ಶೇ 67, ಮಾಮೂಲು ಗುಂಪಿನಲ್ಲಿ ಶೇ 53. ಅಂದರೆ ನೂರು ರೋಗಿಗಳಿಗೆ ಕೊಟ್ಟರೆ ಮಾಮೂಲು ಚಿಕಿತ್ಸೆಗಿಂತ 14 ಮಂದಿಗೆ ಹೆಚ್ಚಾಗಿ ರಕ್ತ ಹತೋಟಿಗೆ ಬಂತು. ಸಣ್ಣ ಸಾಧನೆಯಲ್ಲ. ಮಿದುಳಿನೊಳಗೆ ಗಡ್ಡೆ ಬೆಳೆಯುತ್ತಾ ಹೋದರೆ ಏನಾಗುತ್ತದೆ ಎಂದು ನರರೋಗ ವೈದ್ಯರಿಗೆ ಚೆನ್ನಾಗಿ ಗೊತ್ತು. ಹೀಗಾಗಿ ಪರೀಕ್ಷೆಯನ್ನು ಅವಧಿಗೆ ಮೊದಲೇ ನಿಲ್ಲಿಸಿದರು.

ಇನ್ನೊಂದು ಕಡೆಯ ಲೆಕ್ಕ ಹೀಗಿದೆ. ಹೆಪ್ಪುಗಟ್ಟುವ ತೊಂದರೆಗಳು ಆಂಡೆಕ್ಸಾ ಗುಂಪಿನಲ್ಲಿ ಶೇ 10.3, ಮಾಮೂಲು ಚಿಕಿತ್ಸೆಯಲ್ಲಿ ಶೇ 5.6. ಅದರಲ್ಲಿ ಹೃದಯಾಘಾತ ಶೇ 4.2, ಇನ್ನೊಂದು ಗುಂಪಿನಲ್ಲಿ ಶೇ 1.5. ಹೆಪ್ಪಿನಿಂದ ಆಗುವ ಪಾರ್ಶ್ವವಾಯು ಶೇ 6.5 ಮತ್ತು ಶೇ 1.5. ಮಿದುಳಿನ ರಕ್ತಸ್ರಾವ ನಿಲ್ಲಿಸಲು ಕೊಟ್ಟ ಔಷಧಿಯ ನಂತರ ಅದೇ ಮಿದುಳಿನ ಇನ್ನೊಂದು ನಾಳ ಮುಚ್ಚಿಕೊಂಡಿತು. ಓದಿದರೆ ಸಂಕಟವಾಗುತ್ತದೆ.

ಕೊನೆಯಲ್ಲಿ ಬದುಕಿದವರು ಎಷ್ಟು? 30 ದಿನದೊಳಗೆ ತೀರಿಕೊಂಡವರು ಆಂಡೆಕ್ಸಾ ಗುಂಪಿನಲ್ಲಿ ಶೇ 27.8, ಮಾಮೂಲು ಗುಂಪಿನಲ್ಲಿ ಶೇ 25.5. ಲೆಕ್ಕಶಾಸ್ತ್ರದ ಪ್ರಕಾರ ಇದು ವ್ಯತ್ಯಾಸವೇ ಅಲ್ಲ. ತಾವೇ ಎದ್ದು ಓಡಾಡುವ ಮಟ್ಟಕ್ಕೆ ಚೇತರಿಸಿಕೊಂಡವರ ಲೆಕ್ಕದಲ್ಲೂ ಆಂಡೆಕ್ಸಾ ಮುಂದೆ ಬರಲಿಲ್ಲ. ಸ್ಕ್ಯಾನ್ ಸುಧಾರಿಸಿತು, ರೋಗಿಯ ಬದುಕು ಸುಧಾರಿಸಲಿಲ್ಲ.

ಎರಡು ವಾದ

ಔಷಧಿಯ ಪರ ಇರುವ ವೈದ್ಯರು ಹೇಳುವುದು ಹೀಗೆ. ಪರೀಕ್ಷೆ ಬೇಗ ನಿಂತಿತು, ಸಾವು ಮತ್ತು ಚೇತರಿಕೆಯಲ್ಲಿ ವ್ಯತ್ಯಾಸ ತೋರಿಸಲು 530 ಮಂದಿ ಸಾಲದು. ಮಿದುಳಿನ ರಕ್ತಸ್ರಾವದಲ್ಲಿ ಒಂದೊಂದು ಮಿಲಿಲೀಟರ್ ಕೂಡ ಲೆಕ್ಕಕ್ಕೆ ಬರುತ್ತದೆ. ಹೃದಯಾಘಾತಕ್ಕೆ ಚಿಕಿತ್ಸೆ ಇದೆ, ನಾಶವಾದ ಮಿದುಳನ್ನು ಮರಳಿ ತರಲಾಗದು. ಈ ಅಪಾಯವನ್ನು ತಗ್ಗಿಸುವ ದಾರಿಯೂ ಇದೆ: ಆಂಡೆಕ್ಸಾದ ಹಿಂದಿನ ಅಧ್ಯಯನದಲ್ಲಿ, ರಕ್ತ ತೆಳುವಾಗಿಸುವ ಮಾತ್ರೆಯನ್ನು ಮತ್ತೆ ಶುರು ಮಾಡಿದ ನಂತರ ಯಾರಿಗೂ ಹೆಪ್ಪಿನ ತೊಂದರೆ ಕಾಣಲಿಲ್ಲ. ಹಾಗಾಗಿ ಸಾಧ್ಯವಾದಷ್ಟು ಬೇಗ ಮಾತ್ರೆ ಮರಳಿ ಶುರು ಮಾಡಿ ಎನ್ನುತ್ತಾರೆ.

ವಿರೋಧ ವಾದ ನೇರವಾಗಿದೆ. ರೋಗಿ ಆಸ್ಪತ್ರೆಗೆ ಬಂದದ್ದು ಗಡ್ಡೆಯ ಅಳತೆ ಕಡಿಮೆ ಮಾಡಿಸಿಕೊಳ್ಳಲು ಅಲ್ಲ, ಬದುಕಿ ಮನೆಗೆ ಹೋಗಲು. ಬದುಕಿನಲ್ಲಿ ಲಾಭ ಕಾಣದಿದ್ದಾಗ, ಹಾನಿ ಮಾತ್ರ ಎದ್ದು ಕಾಣುತ್ತಿರುವಾಗ, ಇಷ್ಟು ದುಬಾರಿ ಔಷಧಿ ಏಕೆ? ಬೇಗ ಮಾತ್ರೆ ಶುರು ಮಾಡಿ ಎನ್ನುವುದೂ ಸುಲಭವಲ್ಲ. ಮೊನ್ನೆಯಷ್ಟೇ ಮಿದುಳಿನಲ್ಲಿ ರಕ್ತ ಸುರಿದವರಿಗೆ ರಕ್ತ ತೆಳುವಾಗಿಸುವ ಮಾತ್ರೆ ಮತ್ತೆ ಕೊಡಲು ಯಾವ ವೈದ್ಯರ ಕೈ ನಡುಗುವುದಿಲ್ಲ? ಇನ್ನೊಂದು ಮಾತು, ಮೊದಲೇ ಗುಣವಾದವರಿಗೆ ಮಾತ್ರ ಮಾತ್ರೆ ಬೇಗ ಶುರುವಾಗುತ್ತದೆ. ಅವರಿಗೆ ತೊಂದರೆ ಕಡಿಮೆ ಇದ್ದದ್ದು ಮಾತ್ರೆಯಿಂದಲೋ, ಅವರು ಮೊದಲೇ ಗಟ್ಟಿ ಇದ್ದುದರಿಂದಲೋ?

2024ರ ನವೆಂಬರ್‌ನಲ್ಲಿ ಎಫ್‌ಡಿಎ ತಜ್ಞರ ಸಭೆ ಕರೆದು ಈ ವಾದಗಳನ್ನು ಕೇಳಿತು. ವರ್ಷದ ನಂತರ ಔಷಧಿಯ ಒಡೆತನ ಹೊಂದಿದ್ದ ಆಸ್ಟ್ರಾಜೆನೆಕಾ ಅಮೆರಿಕದಲ್ಲಿ ಮಾರಾಟ ನಿಲ್ಲಿಸಲು ತಾನೇ ಮುಂದಾಯಿತು. ಲಾಭಕ್ಕಿಂತ ಅಪಾಯವೇ ಜಾಸ್ತಿ ಎಂಬ ನಿಲುವಿಗೆ ಎಫ್‌ಡಿಎ ಬಂದಿತ್ತು.

ವಿರೋಧ ವಾದವೇ ಹೆಚ್ಚು ಗಟ್ಟಿ ಎಂದು ನನಗನ್ನಿಸುತ್ತದೆ. ಆದರೆ ಔಷಧಿ ಮಾಡಿದವರನ್ನಷ್ಟೇ ಬೈದು ಮುಗಿಸುವ ವಿಷಯ ಇದಲ್ಲ. 'ರಕ್ತ ನಿಂತಿತಾ' ಎಂಬ ಪ್ರಶ್ನೆಗೆ ಉತ್ತರ ಬೇಗ ಸಿಗುತ್ತದೆ. 'ರೋಗಿ ಉಳಿದರಾ, ಹೇಗೆ ಉಳಿದರು' ಎಂಬುದಕ್ಕೆ ವರ್ಷಗಟ್ಟಲೆ ಬೇಕು. ಮೊದಲ ಉತ್ತರವನ್ನೇ ನಂಬಿ ಔಷಧಿ ಬಿಟ್ಟರೆ, ಎರಡನೆಯ ಉತ್ತರ ಬರುವಷ್ಟರಲ್ಲಿ ಎಷ್ಟೋ ರೋಗಿಗಳಿಗೆ ಅದು ಹೋಗಿರುತ್ತದೆ.

ಹೀಗಾಗಿದ್ದು ಇದೇ ಮೊದಲಲ್ಲ

ಹೃದಯದ ಆಪರೇಷನ್‌ಗಳಲ್ಲಿ ರಕ್ತಸ್ರಾವ ತಗ್ಗಿಸಲು ಅಪ್ರೊಟಿನಿನ್ ಎಂಬ ಔಷಧಿ ವರ್ಷಾನುಗಟ್ಟಲೆ ಬಳಕೆಯಲ್ಲಿತ್ತು. ಬಾಯರ್ ಕಂಪನಿಯದು, ಟ್ರಾಸಿಲಾಲ್ ಎಂಬ ಹೆಸರಿನಲ್ಲಿ ಬರುತ್ತಿತ್ತು. 2006ರಲ್ಲಿ 4,374 ರೋಗಿಗಳ ಅಧ್ಯಯನ ಬಂತು: ಅಪ್ರೊಟಿನಿನ್ ಪಡೆದವರಲ್ಲಿ ಕಿಡ್ನಿ ವೈಫಲ್ಯ, ಹೃದಯಾಘಾತ, ಪಾರ್ಶ್ವವಾಯು ಎಲ್ಲವೂ ಹೆಚ್ಚು. ಅದೇ ವರ್ಷ ಎಫ್‌ಡಿಎ ಸಭೆ ನಡೆದಾಗ ಕಂಪನಿ ತಾನೇ ಮಾಡಿಸಿದ್ದ ಇನ್ನೊಂದು ದೊಡ್ಡ ಅಧ್ಯಯನದ ವಿಷಯವನ್ನು ಸಭೆಯ ಮುಂದೆ ಇಡಲಿಲ್ಲ. ಅದರಲ್ಲೂ ಅಪಾಯ ಕಂಡಿತ್ತು. ಇದು ಕ್ಷಮಿಸುವಂಥ ವಿಷಯವಲ್ಲ.

ಇತ್ತ ಕೆನಡಾದಲ್ಲಿ 2,331 ರೋಗಿಗಳ ಮೇಲೆ 'ಬಾರ್ಟ್' ಪರೀಕ್ಷೆ ನಡೆದಿತ್ತು. ವಿಪರೀತ ರಕ್ತಸ್ರಾವ ಅಪ್ರೊಟಿನಿನ್ ಗುಂಪಿನಲ್ಲಿ ಶೇ 9.5, ಟ್ರಾನೆಕ್ಸಾಮಿಕ್ ಆಸಿಡ್ ಗುಂಪಿನಲ್ಲಿ ಶೇ 12.1. ಸಾವು? ಅಪ್ರೊಟಿನಿನ್‌ನಲ್ಲಿ ಶೇ 6, ಟ್ರಾನೆಕ್ಸಾಮಿಕ್‌ನಲ್ಲಿ ಶೇ 3.9. ಇಲ್ಲೂ ಅದೇ: ರಕ್ತ ಚೆನ್ನಾಗಿ ನಿಂತಿತು, ಸತ್ತವರು ಜಾಸ್ತಿ. 2007ರ ನವೆಂಬರ್‌ನಲ್ಲಿ ಮಾರಾಟ ನಿಂತಿತು. ಮುಂದೆ ಬಾರ್ಟ್ ಪರೀಕ್ಷೆಯಲ್ಲೇ ದೋಷಗಳಿದ್ದವು ಎಂದು ಕೆನಡಾ ಮತ್ತು ಯುರೋಪಿನ ಸಂಸ್ಥೆಗಳು ನಿಷೇಧ ಸಡಿಲಿಸಿದವು. ಚರ್ಚೆ ಇನ್ನೂ ಪೂರ್ತಿ ಮುಗಿದಿಲ್ಲ.

ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ ಇರುವ ರೋಗಿಗಳಿಗೆಂದು ಬಂದ 'ಫ್ಯಾಕ್ಟರ್ ಏಳು-ಎ' ಇಂಜೆಕ್ಷನ್ ಕೂಡ ಹೀಗೇ. ಅವರಿಗೆ ಅದು ಜೀವದಾನ. ಬೇರೆ ರಕ್ತಸ್ರಾವಗಳಿಗೂ ಬಳಸಲು ಹೊರಟಾಗ, 35 ಪರೀಕ್ಷೆಗಳನ್ನು ಒಟ್ಟುಗೂಡಿಸಿ 2010ರಲ್ಲಿ ನೋಡಿದರು. ಹೃದಯದ ನಾಳ ಮುಚ್ಚುವ ಘಟನೆಗಳು ಶೇ 2.9, ಔಷಧಿ ಇಲ್ಲದವರಲ್ಲಿ ಶೇ 1.1.

ಟ್ರಾನೆಕ್ಸಾಮಿಕ್ ಆಸಿಡ್ ಕಥೆ ಬೇರೆ

ಹಾಗಾದರೆ ಮುಟ್ಟಿಗೆ, ಹೆರಿಗೆಗೆ ಕೊಡುವ ಔಷಧಿ? ಇಲ್ಲಿ ಸಮಾಧಾನದ ವಿಷಯ ಇದೆ.

ಜಪಾನಿನ ಉತಾಕೊ ಒಕಾಮೊಟೊ ಮತ್ತು ಅವರ ಪತಿ ಶೋಸುಕೆ 1962ರಲ್ಲಿ ಕಂಡುಹಿಡಿದ ಔಷಧಿ ಇದು. ಇದು ಹೊಸ ಹೆಪ್ಪನ್ನು ಕಟ್ಟಿಸುವುದಿಲ್ಲ. ಗಾಯದಲ್ಲಿ ಕಟ್ಟಿದ ಹೆಪ್ಪು ಬೇಗ ಕರಗದಂತೆ ನೋಡಿಕೊಳ್ಳುತ್ತದೆ. ಆಂಡೆಕ್ಸಾಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ.

ಇದನ್ನು ಪರೀಕ್ಷಿಸಿದ ರೀತಿಯೂ ಬೇರೆ. ಲಾಭ ಸಿಗದಷ್ಟು ಅಗ್ಗದ ಔಷಧಿಯನ್ನು ಸರ್ಕಾರಿ, ದತ್ತಿ ಹಣದಿಂದ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆ ಮಾಡಿದರು. 2010ರ 'ಕ್ರ್ಯಾಶ್-2' ಪರೀಕ್ಷೆಯಲ್ಲಿ 40 ದೇಶಗಳ 20 ಸಾವಿರಕ್ಕೂ ಹೆಚ್ಚು ಗಾಯಾಳುಗಳಿದ್ದರು, ಭಾರತದವರೂ ಸೇರಿ. ಕೇಳಿದ ಮೊದಲ ಪ್ರಶ್ನೆಯೇ 'ಎಷ್ಟು ಜನ ಬದುಕಿದರು' ಎಂದು. ಸಾವು ಶೇ 16ರಿಂದ ಶೇ 14.5ಕ್ಕೆ ಇಳಿಯಿತು. ಹೃದಯಾಘಾತ ಔಷಧಿ ಪಡೆದವರಲ್ಲಿ ಹೆಚ್ಚಲಿಲ್ಲ, ಕಡಿಮೆಯೇ ಇತ್ತು. 2017ರ 'ವುಮನ್' ಪರೀಕ್ಷೆಯಲ್ಲಿ 20 ಸಾವಿರ ಬಾಣಂತಿಯರು. ರಕ್ತಸ್ರಾವದಿಂದ ಆಗುವ ಸಾವು ತಗ್ಗಿತು, ಹೆಪ್ಪಿನ ತೊಂದರೆ ಹೆಚ್ಚಲಿಲ್ಲ.

ಆದರೆ ಇದು ಎಲ್ಲದಕ್ಕೂ ಮದ್ದಲ್ಲ. ಗಾಯವಾಗಿ 3 ಗಂಟೆ ಕಳೆದ ಮೇಲೆ ಕೊಟ್ಟರೆ ಉಪಯೋಗದ ಬದಲು ಹಾನಿ ಆಗಬಹುದು ಎಂದು ಕ್ರ್ಯಾಶ್-2 ತೋರಿಸಿತು. ಹೊಟ್ಟೆ, ಕರುಳಿನ ರಕ್ತಸ್ರಾವಕ್ಕೆ ಕೊಟ್ಟಾಗ ಸಾವು ತಗ್ಗಲಿಲ್ಲ, ಕಾಲು ಮತ್ತು ಶ್ವಾಸಕೋಶದ ರಕ್ತನಾಳಗಳಲ್ಲಿ ಹೆಪ್ಪು ಶೇ 0.4ರಿಂದ ಶೇ 0.8ಕ್ಕೆ ಏರಿತು ಎಂದು 2020ರ 'ಹಾಲ್ಟ್-ಇಟ್' ಹೇಳಿತು. ಅಲ್ಲೂ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ.

ಮುಟ್ಟಿಗೆ ಕೆಲವು ದಿನ ಮಾತ್ರ ನುಂಗುವ ಹೆಣ್ಣುಮಕ್ಕಳ ಬಗ್ಗೆ ಡೆನ್ಮಾರ್ಕ್‌ನಲ್ಲಿ ದೊಡ್ಡ ಅಧ್ಯಯನ ನಡೆದಿದೆ. ಸುಮಾರು 78 ಸಾವಿರ ಮಹಿಳೆಯರು 5 ದಿನ ತೆಗೆದುಕೊಂಡರೆ ಒಬ್ಬರಿಗೆ ಹೆಚ್ಚುವರಿಯಾಗಿ ರಕ್ತನಾಳದಲ್ಲಿ ಹೆಪ್ಪುಗಟ್ಟಬಹುದು ಎಂಬುದು ಅದರ ಅಂದಾಜು. ತೀರಾ ಸಣ್ಣ ಅಪಾಯ. ಆದರೆ ಹಿಂದೆ ಹೆಪ್ಪುಗಟ್ಟಿದ ತೊಂದರೆ ಇದ್ದವರು, ಪಾರ್ಶ್ವವಾಯು ಆದವರು, ಗರ್ಭನಿರೋಧಕ ಹಾರ್ಮೋನ್ ಮಾತ್ರೆ ನುಂಗುತ್ತಿರುವವರು ಅದನ್ನು ಡಾಕ್ಟರಿಗೆ ಹೇಳಲೇಬೇಕು. ಹಳೆಯ ಚೀಟಿ ತೋರಿಸಿ ಸುಮ್ನೆ ಮೆಡಿಕಲ್ ಶಾಪ್‌ನಿಂದ ತರುವ ಔಷಧಿ ಇದಲ್ಲ.

ಈಗ ಏನಾಗಬಹುದು?

ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಇಂಥ ರಕ್ತಸ್ರಾವಕ್ಕೆ ಸಾಮಾನ್ಯವಾಗಿ ಪಿಸಿಸಿ, ಅದು ಸಿಗದ ಕಡೆ ಪ್ಲಾಸ್ಮಾ (ದಾನಿಗಳ ರಕ್ತದ ದ್ರವಭಾಗ) ಕೊಡುತ್ತಾರೆ. ಹಾಗಾಗಿ ಅಮೆರಿಕದ ತೀರ್ಮಾನದಿಂದ ಇಲ್ಲಿನ ರೋಗಿಗಳ ಚಿಕಿತ್ಸೆ ದಿಢೀರ್ ಬದಲಾಗುವುದಿಲ್ಲ.

ಹೆಚ್ಚು ಚಿಂತೆ ಮಾಡಬೇಕಾದದ್ದು ಮನೆಯಲ್ಲಿ ಮಾತ್ರೆ ನುಂಗುವವರ ಬಗ್ಗೆ. 'ರಕ್ತಸ್ರಾವ ಆದರೆ ಮಾರುಮದ್ದೂ ಇಲ್ಲವಂತೆ' ಎಂದು ಅಪಿಕ್ಸಬಾನ್ ನಿಲ್ಲಿಸಿದರೆ ಏನಾಗುತ್ತದೆ? ಏಟ್ರಿಯಲ್ ಫಿಬ್ರಿಲೇಷನ್ ಇದ್ದವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು. ಮಾತ್ರೆ ಆ ಅಪಾಯದಲ್ಲಿ ಮೂರರಲ್ಲಿ ಎರಡು ಪಾಲನ್ನು ತೆಗೆಯುತ್ತದೆ. 18 ಸಾವಿರ ರೋಗಿಗಳ 'ಅರಿಸ್ಟಾಟಲ್' ಪರೀಕ್ಷೆಯಲ್ಲಿ ಅಪಿಕ್ಸಬಾನ್ ನುಂಗಿದವರಿಗೆ ತಲೆಯೊಳಗೆ ರಕ್ತಸ್ರಾವ ಆದದ್ದು ವರ್ಷಕ್ಕೆ ಶೇ 0.33. ವಾರ್ಫರಿನ್‌ನಲ್ಲಿ ಶೇ 0.80. ಅಂದರೆ ಅಪಿಕ್ಸಬಾನ್ ನುಂಗುವ ಸಾವಿರ ಮಂದಿಯಲ್ಲಿ ವರ್ಷಕ್ಕೆ ಮೂರು-ನಾಲ್ಕು ಜನ. ಮಾರುಮದ್ದು ಬೇಕಾಗುವುದು ಆ ಕೆಲವರಿಗೆ, ಮಾತ್ರೆ ಕಾಪಾಡುವುದು ಅದಕ್ಕಿಂತ ಎಷ್ಟೋ ಹೆಚ್ಚು ಜನರನ್ನು.

ಮನೆಯವರು ಮಾಡಬಹುದಾದ ಒಂದು ಕೆಲಸ ಇದೆ. ಮಾತ್ರೆಯ ಹೆಸರು, ಪ್ರಮಾಣ, ದಿನದಲ್ಲಿ ಯಾವ ಹೊತ್ತಿಗೆ ನುಂಗುತ್ತಾರೆ ಎಂದು ಬರೆದು ರೋಗಿಯ ಜೇಬಿನಲ್ಲಿ ಇಡಿ. ಮಾತು ತೊದಲಿ, ಬಾಯಿ ಸೊಟ್ಟಗಾಗಿ ಎಮರ್ಜೆನ್ಸಿಗೆ ಒಯ್ದಾಗ ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, 'ಕೊನೆಯ ಮಾತ್ರೆ ಎಷ್ಟು ಹೊತ್ತಿಗೆ ನುಂಗಿದರು?' ರಾತ್ರಿ ಎಂಟಕ್ಕಾ, ಬೆಳಿಗ್ಗೆ ಎಂಟಕ್ಕಾ ಎನ್ನುವುದರ ಮೇಲೆ ಮಾರುಮದ್ದು ಬೇಕೋ ಬೇಡವೋ ನಿರ್ಧಾರವಾಗುತ್ತದೆ.

ವೈದ್ಯಲೋಕದ ಮುಂದೆ ಉಳಿದಿರುವ ಕೆಲಸ ಇನ್ನೊಂದು. ಆಂಡೆಕ್ಸಾ ಹೋದ ಮೇಲೆ ಎಲ್ಲರೂ ಪಿಸಿಸಿಯ ಕಡೆ ನೋಡುತ್ತಿದ್ದಾರೆ. ಪಿಸಿಸಿ ಮೂಲತಃ ವಾರ್ಫರಿನ್ ರೋಗಿಗಳಿಗೆಂದು ಬಂದದ್ದು. ಅದೂ ಹೆಪ್ಪುಗಟ್ಟಿಸುವ ಔಷಧಿಯೇ, ಅದಕ್ಕೂ ಅಪಾಯ ಇದೆ. ಆನೆಕ್ಸಾ-ಐನಲ್ಲಿ ಪಿಸಿಸಿ ಪಡೆದವರೇ ಹೆಚ್ಚಿದ್ದ ಗುಂಪಿನಲ್ಲೂ ಶೇ 5.6 ಮಂದಿಗೆ ಹೆಪ್ಪಿನ ತೊಂದರೆ ಬಂದಿತ್ತು. ಅಪಿಕ್ಸಬಾನ್ ರೋಗಿಗಳ ಮಿದುಳಿನ ರಕ್ತಸ್ರಾವದಲ್ಲಿ ಪಿಸಿಸಿ ಕೊಟ್ಟರೆ, ಏನೂ ಕೊಡದೆ ಇದ್ದುದಕ್ಕಿಂತ ಹೆಚ್ಚು ಜನ ಬದುಕುತ್ತಾರಾ? ಆಂಡೆಕ್ಸಾಗೆ ಕೇಳಿದ ಈ ಪ್ರಶ್ನೆಯನ್ನು ಪಿಸಿಸಿಗೂ ಕೇಳಬೇಕು. ಅದೂ ಔಷಧಿ ಎಲ್ಲ ಕಡೆ ರೂಢಿಯಾಗಿ, ಇನ್ನು ಪರೀಕ್ಷೆ ಏಕೆ ಎನ್ನುವ ಹಂತಕ್ಕೆ ಹೋಗುವ ಮೊದಲೇ.